ಒಂದು ಸಾವು ಯಾವ ಖಾನೆಗೆ?

2017ರಲ್ಲಿ ಜಗತ್ತಿನಲ್ಲಿ ಸುಮಾರು 4,64,000 ಜನ ಕೊಲೆಯಾದರು. ಅದೇ ವರ್ಷ ಯುದ್ಧ ಮತ್ತು ಸಶಸ್ತ್ರ ಸಂಘರ್ಷಗಳಲ್ಲಿ ಸತ್ತವರು ಸುಮಾರು 89,000. ಭಯೋತ್ಪಾದಕರ ಕೈಯಲ್ಲಿ ಸತ್ತವರು ಸುಮಾರು 26,000. ಇದು ವಿಶ್ವಸಂಸ್ಥೆಯ ಮಾದಕವಸ್ತು ಮತ್ತು ಅಪರಾಧ ಕಚೇರಿ ಕೊಟ್ಟ ಲೆಕ್ಕ. ನಮ್ಮ ಭಯದ ಲೆಕ್ಕ ಮಾತ್ರ ಪೂರ್ತಿ ಉಲ್ಟಾ. ಭಯೋತ್ಪಾದನೆ ಅಂದರೆ ಎದೆ ಧಸಕ್ಕೆನ್ನುತ್ತದೆ. ಯುದ್ಧದ ಸುದ್ದಿ ಬಂದರೆ ಟಿವಿ ಮುಂದೆ ಕೂರುತ್ತೇವೆ. ಕೊಲೆ ಸುದ್ದಿ ಕಂಡರೆ ಪುಟ ತಿರುಗಿಸಿ ಮುಂದೆ ಹೋಗುತ್ತೇವೆ.

ಆದರೆ ಈ ಅಂಕಿ ನೋಡಿದಾಗ ನನ್ನಲ್ಲಿ ಮೊದಲು ಎದ್ದ ಪ್ರಶ್ನೆ ಬೇರೆ. ಹೀಗೆ ಲೆಕ್ಕ ಬರಬೇಕಾದರೆ ಯಾರೋ ಕೂತು ಪ್ರತಿ ಸಾವನ್ನೂ ಒಂದೊಂದು ಖಾನೆಗೆ ಹಾಕಿರಬೇಕು, ಅಲ್ವಾ? ಗುಂಡು ಅದೇ, ರಕ್ತ ಅದೇ, ಮನೆಯವರ ಅಳುವೂ ಅದೇ. ಆದರೂ ಒಂದು ಕೊಲೆ, ಇನ್ನೊಂದು ಯುದ್ಧ, ಮತ್ತೊಂದು ಭಯೋತ್ಪಾದನೆ. ಪೊಲೀಸರ ಗುಂಡಿಗೆ ಬಿದ್ದವರನ್ನು ಎಲ್ಲಿ ಸೇರಿಸೋದು? ಈ ಖಾನೆಗಳ ಗೆರೆ ಎಳೆಯುವವರು ಯಾರು? ಒಂದು ಸಾವು ಈ ಖಾನೆಯಿಂದ ಆ ಖಾನೆಗೆ ಹೋದರೆ ಬದುಕಿದವರ ಪಾಲಿಗೆ ಏನು ಬದಲಾಗುತ್ತದೆ? ಅಪರಾಧ, ಪೊಲೀಸ್, ಯುದ್ಧ, ಭಯೋತ್ಪಾದನೆಯ ಬಗ್ಗೆ ಸಮಾಜಶಾಸ್ತ್ರ ಹೇಳುವ ಮಾತುಗಳನ್ನು ಈ ಪ್ರಶ್ನೆ ಹಿಡಿದು ಹೊರಟರೆ ಸುಲಭವಾಗಿ ಅರ್ಥ ಮಾಡಿಕೊಳ್ಳಬಹುದು.

ಮೊದಲು ಅಪರಾಧ. ಫ್ರಾನ್ಸಿನ ಸಮಾಜಶಾಸ್ತ್ರಜ್ಞ ಎಮಿಲ್ ಡರ್ಕೈಮ್ 1895ರಲ್ಲಿ ಒಂದು ಮಾತು ಹೇಳಿ ಓದುಗರನ್ನು ಬೆಚ್ಚಿಬೀಳಿಸಿದರು. ಅಪರಾಧ ಸಮಾಜಕ್ಕೆ ಬಂದ ರೋಗವಲ್ಲ, ಅದು ಎಲ್ಲ ಸಮಾಜದಲ್ಲೂ ಇರುವ ಸಹಜ ಸಂಗತಿ ಅಂದರು. ಬರೀ ಸಂತರೇ ಇರುವ ಒಂದು ಊರನ್ನು ಊಹಿಸಿಕೊಳ್ಳಿ ಅಂದರು. ಅಲ್ಲಿ ಕಳ್ಳತನ ಇಲ್ಲ, ಕೊಲೆ ಇಲ್ಲ. ಹಾಗಂತ ತಪ್ಪೇ ಇರುವುದಿಲ್ಲವೇ? ಇರುತ್ತದೆ. ನಾವು ಗಮನಿಸದೆ ಬಿಡುವ ಸಣ್ಣ ಲೋಪವೇ ಅಲ್ಲಿ ದೊಡ್ಡ ಹಗರಣವಾಗುತ್ತದೆ. ಯಾವುದು ತಪ್ಪು ಎಂದು ಎಲ್ಲರೂ ಸೇರಿ ಸಿಟ್ಟಾದಾಗಲೇ ‘ನಾವು ಇಂಥವರು’ ಎಂಬುದು ಸಮಾಜಕ್ಕೆ ಗೊತ್ತಾಗುತ್ತದೆ. ಗೆರೆ ಎಲ್ಲಿದೆ ಎಂದು ತೋರಿಸುವುದೇ ಶಿಕ್ಷೆಯ ದೊಡ್ಡ ಕೆಲಸ ಎಂಬುದು ಅವರ ವಾದ.

ಗೆರೆ ಸರಿಯುತ್ತಲೂ ಇರುತ್ತದೆ. 1850ರ ಕಾಯಿದೆಯ ಪ್ರಕಾರ ಅಮೆರಿಕದಲ್ಲಿ ಓಡಿಬಂದ ಗುಲಾಮನಿಗೆ ಆಸರೆ ಕೊಟ್ಟವರಿಗೆ 6 ತಿಂಗಳವರೆಗೆ ಜೈಲು, 1,000 ಡಾಲರ್‌ವರೆಗೆ ದಂಡ. ಮನುಷ್ಯನನ್ನು ಕೊಂಡು ಮಾರಿದವನು ಮಾತ್ರ ಕಾನೂನಿನ ಕಣ್ಣಲ್ಲಿ ಸಭ್ಯ ನಾಗರಿಕ. ಯಾವ ಕೆಲಸವೂ ತಾನಾಗಿ ಅಪರಾಧ ಆಗುವುದಿಲ್ಲ, ಯಾರೋ ಅದಕ್ಕೆ ಆ ಹಣೆಪಟ್ಟಿ ಹಚ್ಚಬೇಕು ಎಂದು ಹೊವಾರ್ಡ್ ಬೆಕರ್ 1963ರಲ್ಲಿ ಹೇಳಿದ್ದು ಇದನ್ನೇ. ಇದನ್ನು ತಪ್ಪಾಗಿ ಓದುವವರಿದ್ದಾರೆ. ‘ಹಾಗಾದರೆ ಕೊಲೆಯೂ ಬರೀ ಹೆಸರಷ್ಟೇನಾ?’ ಎಂದು ಕೇಳುತ್ತಾರೆ. ಖಂಡಿತ ಅಲ್ಲ. ಸತ್ತವರು ನಿಜವಾಗಿಯೂ ಸತ್ತಿರುತ್ತಾರೆ. ಆದರೆ ಯಾವ ಸಾವಿಗೆ ಕೇಸು ಬೀಳುತ್ತದೆ, ಯಾವುದಕ್ಕೆ ಪರಿಹಾರದ ಚೆಕ್ ಬರುತ್ತದೆ, ಯಾವುದಕ್ಕೆ ಪದಕ ಸಿಗುತ್ತದೆ ಎಂಬುದನ್ನು ಸಮಾಜವೇ ತೀರ್ಮಾನಿಸುತ್ತದೆ.

ಹಣೆಪಟ್ಟಿಗೆ ಇನ್ನೊಂದು ಗುಣವಿದೆ. ಅದು ಅಂಟಿಕೊಂಡ ಮೇಲೆ ಮನುಷ್ಯನನ್ನೇ ಬದಲಿಸುತ್ತದೆ. ‘ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು’ ಎನ್ನುತ್ತೇವಲ್ಲ, ಅದೇ. ಹದಿನೈದರ ಹುಡುಗ ಒಮ್ಮೆ ಏನೋ ಕದ್ದು ಸಿಕ್ಕಿಬೀಳುತ್ತಾನೆ. ಶಾಲೆ ದೂರ ಇಡುತ್ತದೆ, ಕೆಲಸ ಕೊಡುವವರು ಹಿಂದೆ ಸರಿಯುತ್ತಾರೆ, ಪೊಲೀಸರು ಏನೇ ಆದರೂ ಮೊದಲು ಅವನ ಮನೆಗೇ ಬರುತ್ತಾರೆ. ಕೊನೆಗೆ ಅವನನ್ನು ಸೇರಿಸಿಕೊಳ್ಳಲು ಉಳಿಯುವವರು ಅಂಥದೇ ಪಟ್ಟಿ ಹೊತ್ತ ಗೆಳೆಯರು ಮಾತ್ರ. ಮೊದಲ ತಪ್ಪನ್ನು ಅವನು ಮಾಡಿದ, ಎರಡನೆಯದಕ್ಕೆ ನಾವೂ ದಾರಿ ಮಾಡಿಕೊಟ್ಟೆವು. ಮೊದಲ ಜಾರುವಿಕೆಗೂ ಹಣೆಪಟ್ಟಿ ಬಿದ್ದ ಮೇಲಿನ ಜಾರುವಿಕೆಗೂ ಇರುವ ಈ ವ್ಯತ್ಯಾಸವನ್ನು ಎಡ್ವಿನ್ ಲೆಮರ್ಟ್ 1951ರಲ್ಲೇ ಬಿಡಿಸಿ ಹೇಳಿದ್ದರು.

ಇನ್ನು, ಸಿಕ್ಕಿಬಿದ್ದವನೇ ಕಳ್ಳ ಎಂಬ ಮಾತು ಅಪರಾಧದ ಅಂಕಿಅಂಶಗಳಿಗೆ ಪೂರ್ತಿ ಒಪ್ಪುತ್ತದೆ. ಪೊಲೀಸ್ ದಾಖಲೆಗೆ ಬಾರದ ಅಪರಾಧವೇ ಜಾಸ್ತಿ. ಬೀದಿಯ ಅಪರಾಧ ಕಣ್ಣಿಗೆ ಬೀಳುತ್ತದೆ, ಕಚೇರಿಯೊಳಗಿನದು ಬೀಳುವುದಿಲ್ಲ. 1939ರಲ್ಲಿ ಎಡ್ವಿನ್ ಸದರ್‌ಲ್ಯಾಂಡ್ ಅಮೆರಿಕದ ಸಮಾಜಶಾಸ್ತ್ರಜ್ಞರ ಮುಂದೆ ನಿಂತು ‘ಬಿಳಿ ಕಾಲರ್ ಅಪರಾಧ’ ಎಂಬ ಪದ ಬಳಸಿದರು. ಬಡತನವೇ ಅಪರಾಧದ ತಾಯಿ ಎಂದು ಹೇಳುವವರು ದೊಡ್ಡ ಕಂಪನಿಗಳ ಮೋಸವನ್ನು ಲೆಕ್ಕಕ್ಕೇ ತೆಗೆದುಕೊಂಡಿಲ್ಲ ಎಂದರು. 10 ವರ್ಷದ ನಂತರ 70 ದೊಡ್ಡ ಕಂಪನಿಗಳು ಕಾನೂನು ಮುರಿದ ದಾಖಲೆಗಳನ್ನು ಜೋಡಿಸಿ ಪುಸ್ತಕ ತಂದರು. ಪ್ರಕಾಶಕರು ಹೆದರಿ ಕಂಪನಿಗಳ ಹೆಸರು ತೆಗೆಸಿದರು. ಹೆಸರಿರುವ ಪೂರ್ತಿ ಪುಸ್ತಕ ಹೊರಬಂದದ್ದು 1983ರಲ್ಲಿ. ಆಗ ಸದರ್‌ಲ್ಯಾಂಡ್ ಬದುಕಿರಲಿಲ್ಲ.

ಭೋಪಾಲವನ್ನು ನೆನೆಯಿರಿ. 1984ರ ಡಿಸೆಂಬರ್ 2ರ ರಾತ್ರಿ ಕೀಟನಾಶಕ ಕಾರ್ಖಾನೆಯಿಂದ ಸೋರಿದ ವಿಷಾನಿಲಕ್ಕೆ ಸಾವಿರಾರು ಜನ ಸತ್ತರು. ತೀರ್ಪು ಬಂದದ್ದು 2010ರಲ್ಲಿ. 7 ಮಂದಿಗೆ ತಲಾ 2 ವರ್ಷ ಜೈಲು. ಅದೂ ನಿರ್ಲಕ್ಷ್ಯದ ಆರೋಪದ ಮೇಲೆ. ಕೂಡಲೇ ಜಾಮೀನೂ ಸಿಕ್ಕಿತು. ಆ ಸಾವಿರಾರು ಸಾವುಗಳು ಯಾವ ವರ್ಷದ ಕೊಲೆ ಖಾನೆಗೂ ಬರಲಿಲ್ಲ. ಅವು ‘ದುರಂತ’ ಎಂಬ ಖಾನೆಗೆ ಹೋದವು. ನನಗೆ ಇದನ್ನು ಬರೆಯುವಾಗಲೂ ಸಂಕಟವಾಗುತ್ತದೆ.

ಜನ ಅಪರಾಧಕ್ಕೆ ಯಾಕೆ ಇಳಿಯುತ್ತಾರೆ ಎಂಬುದಕ್ಕೆ ಹತ್ತಾರು ಸಿದ್ಧಾಂತಗಳಿವೆ. ಎಲ್ಲವನ್ನೂ ಇಲ್ಲಿ ಹೇಳುವುದಿಲ್ಲ. ರಾಬರ್ಟ್ ಮರ್ಟನ್ 1938ರಲ್ಲಿ ಹೇಳಿದ್ದು ಇಷ್ಟು: ಸಮಾಜ ಎಲ್ಲರಿಗೂ ‘ದುಡ್ಡು ಮಾಡು, ಮೇಲೆ ಬಾ’ ಎಂಬ ಒಂದೇ ಕನಸು ಹಂಚುತ್ತದೆ, ಆದರೆ ಅಲ್ಲಿಗೆ ಹೋಗುವ ದಾರಿಯನ್ನು ಕೆಲವರಿಗೆ ಮಾತ್ರ ತೆರೆದಿಡುತ್ತದೆ. ಉಳಿದವರಲ್ಲಿ ಕೆಲವರು ಗೋಡೆ ಹಾರುತ್ತಾರೆ. ಇದಕ್ಕಿಂತ ನನಗೆ ಹೆಚ್ಚು ಹಿಡಿಸಿದ್ದು ಷಿಕಾಗೋ ನಗರದ ಅಧ್ಯಯನಗಳು. ಕ್ಲಿಫರ್ಡ್ ಶಾ ಮತ್ತು ಹೆನ್ರಿ ಮೆಕೇ 1942ರಲ್ಲಿ ಒಂದು ವಿಚಿತ್ರ ಗಮನಿಸಿದರು. ನಗರದ ಕೆಲವು ಬಡಾವಣೆಗಳಲ್ಲಿ ದಶಕಗಳ ಕಾಲ ಬಾಲಾಪರಾಧ ಜಾಸ್ತಿ ಇತ್ತು. ಅಲ್ಲಿ ವಾಸಿಸುವವರು ಮಾತ್ರ ಪೂರ್ತಿ ಬದಲಾಗಿದ್ದರು. ಒಂದು ದೇಶದಿಂದ ಬಂದ ವಲಸಿಗರು ಹೋಗಿ ಇನ್ನೊಂದು ದೇಶದವರು ಬಂದರೂ ಬಡಾವಣೆಯ ಅಂಕಿ ಬದಲಾಗಲಿಲ್ಲ. ಅಂದರೆ ದೋಷ ಯಾವ ಜನಾಂಗದ ರಕ್ತದಲ್ಲೂ ಇರಲಿಲ್ಲ. 1997ರಲ್ಲಿ ಪ್ರಕಟವಾದ ಅಧ್ಯಯನಕ್ಕಾಗಿ ರಾಬರ್ಟ್ ಸ್ಯಾಂಪ್ಸನ್ ಮತ್ತು ಸಂಗಡಿಗರು ಅದೇ ನಗರದ 343 ನೆರೆಹೊರೆಗಳಲ್ಲಿ 8,782 ಜನರನ್ನು ಮಾತಾಡಿಸಿದರು. ‘ಮಕ್ಕಳು ಶಾಲೆ ತಪ್ಪಿಸಿ ಬೀದಿಯಲ್ಲಿ ನಿಂತಿದ್ದರೆ ನಿಮ್ಮ ಅಕ್ಕಪಕ್ಕದವರು ಕೇಳುತ್ತಾರಾ?’ ಎಂಬಂಥ ಸರಳ ಪ್ರಶ್ನೆಗಳು. ಬಡತನ ಒಂದೇ ಮಟ್ಟದಲ್ಲಿದ್ದರೂ, ಹೀಗೆ ಕೇಳುವ ನೆರೆಯವರಿರುವ ಕಡೆ ಹಿಂಸೆ ಕಡಿಮೆ ಇತ್ತು.

ಈಗ ಪೊಲೀಸರ ಕಡೆ ಬರೋಣ. ಇಲ್ಲಿ ಜರ್ಮನಿಯ ಸಮಾಜಶಾಸ್ತ್ರಜ್ಞ ಮ್ಯಾಕ್ಸ್ ವೆಬರ್ ಬೇಕು. 1919ರಲ್ಲಿ ಮ್ಯೂನಿಕ್‌ನಲ್ಲಿ ಮಾಡಿದ ಭಾಷಣದಲ್ಲಿ ಅವರು ಸರ್ಕಾರ ಎಂದರೇನು ಎಂಬುದಕ್ಕೆ ಒಂದು ಉತ್ತರ ಕೊಟ್ಟರು. ಒಂದು ನೆಲದಲ್ಲಿ ಬಲ ಬಳಸುವ ನ್ಯಾಯವಾದ ಹಕ್ಕು ತನಗೊಬ್ಬನಿಗೇ ಇದೆ ಎಂದು ಹೇಳಿ, ಅದನ್ನು ಜನರಿಂದ ಒಪ್ಪಿಸಿಕೊಂಡದ್ದೇ ಸರ್ಕಾರ. ನಾನು ನಿಮ್ಮನ್ನು ಕೋಣೆಯಲ್ಲಿ ಕೂಡಿಹಾಕಿದರೆ ಅಪಹರಣ. ಪೊಲೀಸರು ಕೂಡಿಹಾಕಿದರೆ ಬಂಧನ. ಎರಡರ ನಡುವೆ ಇರುವುದು ‘ನ್ಯಾಯವಾದ’ ಎಂಬ ಒಂದೇ ಪದ. ಆ ಪದದ ಭಾರವನ್ನೆಲ್ಲ ಜನರ ನಂಬಿಕೆ ಹೊತ್ತಿದೆ. ಬೇಲಿಯೇ ಎದ್ದು ಹೊಲ ಮೇಯುತ್ತಿದೆ ಎಂದು ಜನರಿಗೆ ಅನಿಸಿದ ದಿನ ಬಂಧನವೂ ಅಪಹರಣದ ಹಾಗೇ ಕಾಣತೊಡಗುತ್ತದೆ.

ಪೊಲೀಸರು ಬೀದಿಯಲ್ಲಿ ಓಡಾಡಿಕೊಂಡಿದ್ದರೆ ಸಾಕು, ಅಪರಾಧ ಇಳಿಯುತ್ತದೆ ಎಂದು ನಾವೆಲ್ಲ ನಂಬಿದ್ದೇವೆ. ಅಮೆರಿಕದ ಕ್ಯಾನ್ಸಸ್ ಸಿಟಿಯಲ್ಲಿ 1972–73ರಲ್ಲಿ ಇದನ್ನು ಪರೀಕ್ಷೆ ಮಾಡಿಯೇ ನೋಡಿದರು. 15 ಬೀಟ್‌ಗಳನ್ನು ಮೂರು ಗುಂಪು ಮಾಡಿದರು. ಒಂದರಲ್ಲಿ ಸಾಮಾನ್ಯ ಗಸ್ತು ನಿಲ್ಲಿಸಿ, ಕರೆ ಬಂದರೆ ಮಾತ್ರ ಹೋದರು. ಇನ್ನೊಂದರಲ್ಲಿ ಗಸ್ತು ಎರಡು ಮೂರು ಪಟ್ಟು ಹೆಚ್ಚಿಸಿದರು. ಮೂರನೆಯದು ಎಂದಿನಂತೆ. ವರ್ಷದ ಕೊನೆಗೆ ಅಪರಾಧದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಹೆಚ್ಚಿನ ಜನರಿಗೆ ಗಸ್ತು ಬದಲಾದದ್ದೂ ಗೊತ್ತಾಗಲಿಲ್ಲ. ಪೊಲೀಸರಿಂದ ಪ್ರಯೋಜನವೇ ಇಲ್ಲ ಎಂದು ಇದರ ಅರ್ಥವಲ್ಲ. ಮಿನಿಯಾಪೊಲಿಸ್ ನಗರದಲ್ಲಿ ಶೇ. 3ರಷ್ಟು ವಿಳಾಸಗಳಿಂದಲೇ ಪೊಲೀಸರಿಗೆ ಅರ್ಧದಷ್ಟು ಕರೆ ಬರುತ್ತಿದ್ದವು. ಅಂಥ ಮೂಲೆಗಳನ್ನು ಗುರುತಿಸಿ ಅಲ್ಲೇ ನಿಂತರೆ ಪ್ರಯೋಜನವಿದೆ. ಕಾರಿನಲ್ಲಿ ಸುಮ್ನೆ ಸುತ್ತುವುದರಿಂದ ಇಲ್ಲ.

ನಂಬಿಕೆ ಹೇಗೆ ಕರಗುತ್ತದೆ ಎಂಬುದಕ್ಕೆ ನ್ಯೂಯಾರ್ಕ್ ನೋಡಿ. 2011ರಲ್ಲಿ ಅಲ್ಲಿನ ಪೊಲೀಸರು ಸುಮಾರು 6,85,000 ಸಲ ಜನರನ್ನು ಬೀದಿಯಲ್ಲಿ ತಡೆದು ನಿಲ್ಲಿಸಿದರು. ಹತ್ತರಲ್ಲಿ ಒಂಬತ್ತರಷ್ಟು ಸಲ ಬಂಧನವೂ ಆಗಲಿಲ್ಲ, ಸಮನ್ಸೂ ಕೊಡಲಿಲ್ಲ. ನಿಲ್ಲಿಸಿದವರಲ್ಲಿ ಬಹುಪಾಲು ಕಪ್ಪು ಮತ್ತು ಲ್ಯಾಟಿನೋ ಯುವಕರು. 2013ರಲ್ಲಿ ನ್ಯಾಯಾಲಯ ಇದನ್ನು ನಡೆಸುತ್ತಿದ್ದ ರೀತಿ ಸಂವಿಧಾನಕ್ಕೆ ವಿರುದ್ಧ ಎಂದಿತು. ತಡೆಯುವುದು ತೀರಾ ಕಡಿಮೆಯಾಯಿತು. ಅದರ ಬೆನ್ನಿಗೇ ಅಪರಾಧ ಏರುತ್ತದೆ ಎಂದು ಹೆದರಿಸಿದವರ ಮಾತು ನಿಜವಾಗಲಿಲ್ಲ. ಜನ ಕಾನೂನು ಪಾಲಿಸುವುದಕ್ಕೆ ಶಿಕ್ಷೆಯ ಭಯಕ್ಕಿಂತ ‘ನನ್ನನ್ನು ಮರ್ಯಾದೆಯಿಂದ ನಡೆಸಿಕೊಂಡರು, ನನ್ನ ಮಾತು ಕೇಳಿದರು’ ಎಂಬ ಅನುಭವ ದೊಡ್ಡ ಕಾರಣ ಎಂದು ಟಾಮ್ ಟೈಲರ್ 1990ರಲ್ಲೇ ತೋರಿಸಿದ್ದರು.

ಮತ್ತೆ ಖಾನೆಯ ಪ್ರಶ್ನೆಗೆ ಬರುತ್ತೇನೆ. ಅಮೆರಿಕದಲ್ಲಿ ಪೊಲೀಸರ ಕೈಯಲ್ಲಿ ಸತ್ತವರ ಪೂರ್ತಿ ಲೆಕ್ಕ ಸರ್ಕಾರದ ಬಳಿಯೇ ಇರಲಿಲ್ಲ. 2015ರಿಂದ ಪತ್ರಿಕೆಗಳು ತಾವೇ ಎಣಿಸಲು ಶುರುಮಾಡಿದಾಗ ಗುಂಡೇಟಿಗೆ ಸತ್ತವರೇ ವರ್ಷಕ್ಕೆ ಸುಮಾರು 1,000 ಎಂದು ತಿಳಿಯಿತು. ಸರ್ಕಾರದ ಪಟ್ಟಿಯಲ್ಲಿ ಅದರ ಅರ್ಧದಷ್ಟೂ ಇರಲಿಲ್ಲ. ಎಣಿಸದೆ ಬಿಡುವುದೂ ಒಂದು ಬಗೆಯ ಗೆರೆ ಎಳೆಯುವ ಕೆಲಸವೇ.

ಯುದ್ಧಕ್ಕೆ ಬಂದರೆ ಗೆರೆ ಇನ್ನಷ್ಟು ಮಸುಕಾಗುತ್ತದೆ. ಚಾರ್ಲ್ಸ್ ಟಿಲ್ಲಿ 1985ರಲ್ಲಿ ಒಂದು ಪ್ರಬಂಧ ಬರೆದರು. ಹಫ್ತಾ ವಸೂಲಿ ಮಾಡುವವನನ್ನು ನೆನೆಯಿರಿ. ‘ದುಡ್ಡು ಕೊಡು, ನಿನ್ನ ಅಂಗಡಿಗೆ ಏನೂ ಆಗದ ಹಾಗೆ ನೋಡಿಕೊಳ್ಳುತ್ತೇನೆ’ ಎನ್ನುತ್ತಾನೆ. ಅಪಾಯ ಬರುವುದು ಅವನಿಂದಲೇ. ಯುರೋಪಿನ ರಾಜರು ದೇಶ ಕಟ್ಟಿದ ಬಗೆ ಇದಕ್ಕೆ ಬಹಳ ಹತ್ತಿರ ಎಂಬುದು ಟಿಲ್ಲಿ ವಾದ. ಯುದ್ಧಕ್ಕೆ ಸೈನ್ಯ ಬೇಕು, ಸೈನ್ಯಕ್ಕೆ ದುಡ್ಡು ಬೇಕು, ದುಡ್ಡಿಗೆ ತೆರಿಗೆ ಬೇಕು, ತೆರಿಗೆಗೆ ಗುಮಾಸ್ತರು, ದಾಖಲೆ, ಜನಗಣತಿ, ನ್ಯಾಯಾಲಯ ಬೇಕು. ಹೀಗೆ ಯುದ್ಧಕ್ಕೆಂದು ಕಟ್ಟಿದ್ದೆಲ್ಲ ಸೇರಿ ಸರ್ಕಾರವಾಯಿತು. ಬ್ರಿಟನ್ನಿನಲ್ಲಿ ಆದಾಯ ತೆರಿಗೆ ಮೊದಲು ಬಂದದ್ದು 1799ರಲ್ಲಿ, ಫ್ರಾನ್ಸಿನ ಜೊತೆಗಿನ ಯುದ್ಧದ ಖರ್ಚಿಗೆ. ಯುದ್ಧ ಮುಗಿದ ಮೇಲೆ 1816ರಲ್ಲಿ ಅದನ್ನು ತೆಗೆದರು, 1842ರಲ್ಲಿ ಮತ್ತೆ ತಂದರು, ಇಂದಿಗೂ ಇದೆ. ಎಲ್ಲ ಸರ್ಕಾರವೂ ಡಕಾಯಿತಿ ಎನ್ನುವಷ್ಟು ದೂರ ನಾನು ಹೋಗಲಾರೆ. ಆಸ್ಪತ್ರೆ, ಶಾಲೆ, ಮತದಾನದ ಹಕ್ಕನ್ನು ಜನ ಇದೇ ಸರ್ಕಾರಗಳಿಂದ ಹೋರಾಡಿ ಪಡೆದಿದ್ದಾರೆ. ಆದರೆ ಹಫ್ತಾದವನಿಗೂ ರಾಜನಿಗೂ ನಡುವಿನ ಗೆರೆ ಇತಿಹಾಸದಲ್ಲಿ ನಿಧಾನವಾಗಿ ಮೂಡಿದ್ದು ಎಂಬುದು ಸತ್ಯ.

ಯುದ್ಧದಲ್ಲಿ ಕೊಲ್ಲುವವರು ಯಾರು? ಹುಟ್ಟಾ ಕ್ರೂರಿಗಳೇ? 1942ರ ಜುಲೈ 13. ಪೋಲೆಂಡಿನ ಯೂಸೆಫುವ್ ಎಂಬ ಹಳ್ಳಿ. ಜರ್ಮನಿಯ 101ನೇ ಮೀಸಲು ಪೊಲೀಸ್ ಬೆಟಾಲಿಯನ್ ಅಲ್ಲಿಗೆ ಬಂತು. ಅದರಲ್ಲಿ ಸುಮಾರು 500 ಜನ. ಹೆಚ್ಚಿನವರು ಹ್ಯಾಂಬರ್ಗಿನ ನಡುವಯಸ್ಸಿನ ದುಡಿಯುವ ವರ್ಗದವರು, ಸಂಸಾರಸ್ಥರು. ಹಳ್ಳಿಯ ಯಹೂದಿ ಹೆಂಗಸರು, ಮಕ್ಕಳು, ಮುದುಕರನ್ನು ಕೊಲ್ಲಬೇಕು ಎಂದು ಹೇಳಿದ ಕಮಾಂಡರ್, ಈ ಕೆಲಸ ತಮ್ಮಿಂದಾಗದು ಎನ್ನುವ ಹಿರಿಯ ವಯಸ್ಸಿನವರು ಹಿಂದೆ ಸರಿಯಬಹುದು ಎಂದೂ ಹೇಳಿದ. ಸರಿದವರು ಹನ್ನೆರಡು ಮಂದಿಯಷ್ಟೇ. ಆ ದಿನ ಸುಮಾರು 1,500 ಜನರನ್ನು ಕೊಂದರು. ಯುದ್ಧ ಮುಗಿಯುವ ಹೊತ್ತಿಗೆ ಈ ಒಂದು ಬೆಟಾಲಿಯನ್ ಗುಂಡಿಕ್ಕಿ ಕೊಂದವರ ಸಂಖ್ಯೆ ಕನಿಷ್ಠ 38,000.

ಇತಿಹಾಸಕಾರ ಕ್ರಿಸ್ಟೋಫರ್ ಬ್ರೌನಿಂಗ್ ಇವರ ವಿಚಾರಣೆಯ ಹೇಳಿಕೆಗಳನ್ನು ಓದಿ ಕಂಡುಕೊಂಡದ್ದು ಇದು. ಸಿದ್ಧಾಂತ, ದ್ವೇಷ ಎಲ್ಲ ಇತ್ತು. ಜೊತೆಗೆ ಪಕ್ಕದವನ ಮುಂದೆ ಹೇಡಿ ಅನಿಸಿಕೊಳ್ಳಬಾರದು, ‘ಹೊಲಸು ಕೆಲಸ’ವನ್ನು ಗೆಳೆಯರ ತಲೆಗೆ ಕಟ್ಟಿ ತಾನು ತಪ್ಪಿಸಿಕೊಳ್ಳಬಾರದು ಎಂಬ ಭಾವನೆಯೂ ಇತ್ತು. ಎರಡನೇ ಮಹಾಯುದ್ಧದ ಸೈನಿಕರನ್ನು ಅಧ್ಯಯನ ಮಾಡಿದ ಸಮಾಜಶಾಸ್ತ್ರಜ್ಞರೂ ಇದನ್ನೇ ಕಂಡಿದ್ದರು. ಸೈನಿಕನನ್ನು ರಣರಂಗದಲ್ಲಿ ನಿಲ್ಲಿಸುವುದು ದೊಡ್ಡ ಆದರ್ಶಕ್ಕಿಂತ ಹೆಚ್ಚಾಗಿ ಪಕ್ಕದಲ್ಲಿರುವ ನಾಲ್ಕೈದು ಗೆಳೆಯರು. ಮನುಷ್ಯನ ಒಳ್ಳೆಯ ಗುಣಗಳಲ್ಲಿ ಒಂದಾದ ಗೆಳೆತನವೇ ಇಷ್ಟು ಭೀಕರವಾದ ಕೆಲಸಕ್ಕೆ ಬಳಕೆಯಾಗುತ್ತದೆ. ಈ ವಿಷಯದಲ್ಲಿ ನಾನು ಓದಿದ್ದರಲ್ಲೆಲ್ಲ ನನ್ನನ್ನು ಹೆಚ್ಚು ಕಲಕಿದ್ದು ಇದೇ.

ಭಯೋತ್ಪಾದನೆಯಲ್ಲೂ ಗೆಳೆತನ ಎದುರಾಗುತ್ತದೆ. ಮಾರ್ಕ್ ಸೇಜ್‌ಮನ್ ಅಲ್ ಖೈದಾ ಜಾಲದ 172 ಜನರ ವಿವರ ಸಂಗ್ರಹಿಸಿದಾಗ, ಅವರಲ್ಲಿ ಸುಮಾರು ಮೂರನೇ ಎರಡು ಭಾಗ ಮೊದಲೇ ಇದ್ದ ಗೆಳೆತನದ ಮೂಲಕ ಒಳಗೆ ಬಂದವರು. ಹೆಚ್ಚಿನವರು ಕಡುಬಡವರೂ ಅಲ್ಲ, ಹುಚ್ಚರೂ ಅಲ್ಲ.

ಆದರೆ ಭಯೋತ್ಪಾದನೆ ಎಂದರೆ ಏನು? ಈ ಪದದ ಮೂಲ ಫ್ರೆಂಚ್ ಕ್ರಾಂತಿಯಲ್ಲಿದೆ. 1793–94ರಲ್ಲಿ ಕ್ರಾಂತಿಕಾರಿ ಸರ್ಕಾರ ಸುಮಾರು 17,000 ಜನರಿಗೆ ಮರಣದಂಡನೆ ವಿಧಿಸಿತು. ಆ ಕಾಲವನ್ನೇ ‘ಭಯದ ಆಳ್ವಿಕೆ’ ಎನ್ನುತ್ತಾರೆ. ಅಂದರೆ ಈ ಪದ ಹುಟ್ಟಿದ್ದು ಸರ್ಕಾರ ಮಾಡಿದ ಕೆಲಸಕ್ಕೆ. ಇಂದು ನಾವು ಬಳಸುವುದು ಬಹುತೇಕ ಸರ್ಕಾರದ ವಿರುದ್ಧ ನಿಂತವರಿಗೆ. 1988ರಲ್ಲಿ ಅಲೆಕ್ಸ್ ಶ್ಮಿಡ್ 109 ವ್ಯಾಖ್ಯಾನಗಳನ್ನು ಲೆಕ್ಕ ಹಾಕಿದರು. ಎಲ್ಲ ದೇಶಗಳೂ ಒಪ್ಪುವ ಸಮಗ್ರ ವ್ಯಾಖ್ಯಾನ ವಿಶ್ವಸಂಸ್ಥೆಯಲ್ಲಿ ಇಂದಿಗೂ ಇಲ್ಲ. ನೊಬೆಲ್ ಶಾಂತಿ ಪುರಸ್ಕಾರ ಪಡೆದು, ದೇಶದ ಅಧ್ಯಕ್ಷರೂ ಆಗಿದ್ದ ನೆಲ್ಸನ್ ಮಂಡೇಲಾ ಅವರ ಹೆಸರು ಅಮೆರಿಕದ ಭಯೋತ್ಪಾದಕರ ನಿಗಾ ಪಟ್ಟಿಯಿಂದ ಹೊರಬಂದದ್ದು 2008ರಲ್ಲಿ.

ಹೆಸರಿನ ಜಗಳ ಬದಿಗಿಟ್ಟು ಅದು ಕೆಲಸ ಮಾಡುವ ರೀತಿ ನೋಡಿದರೆ ವಿಷಯ ಸ್ಪಷ್ಟವಾಗುತ್ತದೆ. ಸಾಮಾನ್ಯ ಕೊಲೆಯಲ್ಲಿ ಇಬ್ಬರಿರುತ್ತಾರೆ. ಭಯೋತ್ಪಾದನೆಯಲ್ಲಿ ಮೂವರು: ಕೊಲ್ಲುವವನು, ಸಾಯುವವನು, ನೋಡುವವರು. ಗುರಿ ಆ ಮೂರನೆಯವರು. ಸತ್ತವರು ಯಾರಾಗಿದ್ದರೂ ನಡೆಯುತ್ತಿತ್ತು, ಅವರನ್ನು ಬರೀ ಸಂದೇಶ ಬರೆಯುವ ಕಾಗದದ ಹಾಗೆ ಬಳಸಿಕೊಳ್ಳುತ್ತಾರೆ. ಈ ಕೆಲಸದ ಅಸಹ್ಯ ಇರುವುದೇ ಅಲ್ಲಿ. ನೋಡುವವರು ಏನು ಮಾಡುತ್ತಾರೆ ಎಂಬುದರ ಮೇಲೆ ದಾಳಿಯ ಉಳಿದ ಅರ್ಧ ನಿಂತಿದೆ. 2001ರ ಸೆಪ್ಟೆಂಬರ್ 11ರ ನಂತರ ಅಮೆರಿಕದಲ್ಲಿ ಬಹಳ ಜನ ವಿಮಾನ ಬಿಟ್ಟು ಕಾರು ಹತ್ತಿದರು. ಅದರಿಂದಾಗಿ ಮುಂದಿನ 12 ತಿಂಗಳಲ್ಲಿ ರಸ್ತೆಯಲ್ಲಿ ಸುಮಾರು 1,500 ಜನ ಹೆಚ್ಚಾಗಿ ಸತ್ತರು ಎಂದು ಗೆರ್ಡ್ ಗಿಗರೆಂಜರ್ ಅಂದಾಜು ಮಾಡಿದ್ದಾರೆ. ಅವರು ಬಿದ್ದದ್ದು ರಸ್ತೆ ಅಪಘಾತದ ಖಾನೆಗೆ.

ಸರ್ಕಾರದ ಪ್ರತಿಕ್ರಿಯೆಯೂ ಹಾಗೆಯೇ. ಬ್ರಿಟನ್ನಿನ ಆಳ್ವಿಕೆಯಲ್ಲಿರುವ ಉತ್ತರ ಐರ್ಲೆಂಡಿನಲ್ಲಿ, ಐರ್ಲೆಂಡ್ ಜೊತೆ ಸೇರಬೇಕೆನ್ನುವ ಕ್ಯಾಥೊಲಿಕ್ ರಾಷ್ಟ್ರೀಯವಾದಿಗಳಿಗೂ ಬ್ರಿಟನ್ ಜೊತೆ ಉಳಿಯಬೇಕೆನ್ನುವ ಪ್ರಾಟೆಸ್ಟೆಂಟರಿಗೂ ಸಂಘರ್ಷ ನಡೆದಿತ್ತು. ಅಲ್ಲಿ 1971ರ ಆಗಸ್ಟ್ 9ರಂದು ಬ್ರಿಟಿಷ್ ಸೈನ್ಯ 342 ಜನರನ್ನು ವಿಚಾರಣೆಯಿಲ್ಲದೆ ಹಿಡಿದು ಒಳಗೆ ಹಾಕಿತು. ಎಲ್ಲರೂ ಕ್ಯಾಥೊಲಿಕ್–ರಾಷ್ಟ್ರೀಯವಾದಿ ಕಡೆಯವರೆಂಬ ಶಂಕಿತರು. ಹಲವರಿಗೂ ಹಿಂಸೆಗೂ ಸಂಬಂಧವೇ ಇರಲಿಲ್ಲ. ಅದರಿಂದ ಹಿಂಸೆ ತಗ್ಗಲಿಲ್ಲ, ಬ್ರಿಟಿಷ್ ಆಳ್ವಿಕೆಯ ವಿರುದ್ಧ ಬಂದೂಕು ಹಿಡಿದಿದ್ದ ಗುಂಪಾದ ಐಆರ್‌ಎ ಸೇರುವವರು ಹೆಚ್ಚಿದರು. 1972ರಲ್ಲಿ ಸುಮಾರು 480 ಜನ ಸತ್ತರು. ಆ ಸಂಘರ್ಷದ ಅತಿ ಭೀಕರ ವರ್ಷ ಅದೇ.

ಖಾನೆಯ ಜಗಳ ಅಲ್ಲಿ ಜೈಲಿನೊಳಗೇ ನಡೆಯಿತು. 1976ರಲ್ಲಿ ಬ್ರಿಟಿಷ್ ಸರ್ಕಾರ ಈ ಸಂಘರ್ಷದಲ್ಲಿ ಶಿಕ್ಷೆಯಾಗಿ ಹೊಸದಾಗಿ ಬರುವ ಕೈದಿಗಳಿಗೆ ಕೊಡುತ್ತಿದ್ದ ವಿಶೇಷ ದರ್ಜೆಯನ್ನು ತೆಗೆದುಹಾಕಿತು. ಇನ್ನು ಮೇಲೆ ಇವರು ಸಾಮಾನ್ಯ ಅಪರಾಧಿಗಳು, ಕೈದಿಯ ಬಟ್ಟೆ ಹಾಕಬೇಕು ಎಂದಿತು. ಕೈದಿಗಳು ತಾವು ಯುದ್ಧಕೈದಿಗಳು ಎಂದರು. ಬಟ್ಟೆ ಹಾಕಲು ಒಪ್ಪದೆ ಕಂಬಳಿ ಸುತ್ತಿಕೊಂಡು ವರ್ಷಗಟ್ಟಲೆ ಕೂತರು. 1981ರಲ್ಲಿ ಉಪವಾಸ ಶುರುವಾಯಿತು. ‘ಅಪರಾಧ ಅಪರಾಧವೇ, ಅದು ರಾಜಕೀಯವಲ್ಲ’ ಎಂದರು ಪ್ರಧಾನಿ ಮಾರ್ಗರೆಟ್ ಥ್ಯಾಚರ್. ಉಪವಾಸದಲ್ಲಿದ್ದ ಬಾಬಿ ಸ್ಯಾಂಡ್ಸ್ ಜೈಲಿನಿಂದಲೇ ಏಪ್ರಿಲ್‌ನಲ್ಲಿ ಸಂಸದರಾಗಿ ಆಯ್ಕೆಯಾದರು. ಮೇ 5ರಂದು, 66ನೇ ದಿನ ಸತ್ತರು. ಒಟ್ಟು 10 ಜನ ಸತ್ತರು. ಹೊರಗೆ ಐಆರ್‌ಎ ಗುಂಡಿಗೆ, ಬಾಂಬಿಗೆ ಬಲಿಯಾದವರ ಮನೆಗಳಲ್ಲಿ ಇದನ್ನೆಲ್ಲ ನೋಡುತ್ತಿದ್ದವರಿಗೆ ‘ಯುದ್ಧಕೈದಿ’ ಎಂಬ ಪದ ಎಷ್ಟು ಚುಚ್ಚಿರಬೇಕು ಎಂಬುದನ್ನೂ ಮರೆಯಬಾರದು.

1998ರ ಶಾಂತಿ ಒಪ್ಪಂದದಲ್ಲಿ ಕದನ ವಿರಾಮ ಒಪ್ಪಿದ ಗುಂಪುಗಳ ಕೈದಿಗಳನ್ನು ಎರಡು ವರ್ಷದೊಳಗೆ ಬಿಡುಗಡೆ ಮಾಡಲು ಎರಡೂ ಕಡೆ ಒಪ್ಪಿದರು. ಸಾಮಾನ್ಯ ಅಪರಾಧಿಗಳಿಗೆ ಯಾರೂ ಹೀಗೆ ಮಾಡುವುದಿಲ್ಲ. ಪೊಲೀಸ್ ಇಲಾಖೆಯನ್ನೂ ಬದಲಿಸಿದರು. 2001ರಲ್ಲಿ ಅದಕ್ಕೆ ಹೊಸ ಹೆಸರು, ಹೊಸ ಲಾಂಛನ ಬಂತು. 10 ವರ್ಷ ಕಾಲ ಹೊಸ ನೇಮಕಾತಿಯಲ್ಲಿ ಅರ್ಧ ಕ್ಯಾಥೊಲಿಕರು, ಅರ್ಧ ಉಳಿದವರು ಎಂಬ ನಿಯಮ ತಂದರು. ಮೊದಲು ನೂರಕ್ಕೆ 8ರಷ್ಟಿದ್ದ ಕ್ಯಾಥೊಲಿಕ್ ಪೊಲೀಸರು 2011ರ ಹೊತ್ತಿಗೆ ನೂರಕ್ಕೆ 30ರಷ್ಟಾದರು.

ಸತ್ತ ಸುಮಾರು 3,500 ಜನರ ಲೆಕ್ಕ ಮಾತ್ರ ಇತ್ಯರ್ಥವಾಗಿಲ್ಲ. 2006ರಲ್ಲಿ ಬಂದ ಕಾನೂನು ‘ಸಂತ್ರಸ್ತ’ ಎಂಬ ಪದಕ್ಕೆ ಅರ್ಥ ಕೊಡುವಾಗ ಬಂದೂಕು ಹಿಡಿದವನು, ಹಿಡಿಯದವನು ಎಂದು ಭೇದ ಮಾಡಲಿಲ್ಲ. ತಾನಿಟ್ಟ ಬಾಂಬಿಗೆ ತಾನೇ ಸತ್ತವನೂ, ಅದೇ ಬಾಂಬಿಗೆ ಅಂಗಡಿಯಲ್ಲಿ ಸತ್ತ ಮಗುವೂ ಒಂದೇ ಪಟ್ಟಿಯಲ್ಲಿ ಇರಬೇಕೇ? ಈ ಬಗ್ಗೆ ಅಲ್ಲಿನ ಮನೆಗಳಲ್ಲಿ, ವಿಧಾನಸಭೆಯಲ್ಲಿ ಇನ್ನೂ ಜಗಳವಿದೆ.